ಊರಾದ ತಾಯಿ

ಆಗಸ್ಟ್ 4, ಸೋಮವಾರ

ಮೊದಲು ಕ್ಷಮೆ ಕೇಳಿಬಿಡುತ್ತೇನೆ, ಬರೆಯುತ್ತಿರುವುದಕ್ಕೆ. ಯಾರ ಬಳಿ ಎಂದರೆ ಗೊತ್ತಿಲ್ಲ. ಈ ನೋಟ್‌ಬುಕ್ಕಿನ ಬಳಿಯೇ ಇರಬೇಕು. ಇದನ್ನು ಕೊಂಡದ್ದು ಗ್ರೀಕ್ ಕ್ರಿಯಾಪದಗಳನ್ನು ಬರೆದು ಬರೆದು ಬಾಯಿಪಾಠ ಮಾಡುವುದಕ್ಕೆ. ನಾಲ್ಕು ಪುಟ ಮಾಡಿದೆ, ಐದನೆಯದಕ್ಕೆ ಈ ಗತಿ ಬಂತು. ಹಾಸ್ಟೆಲ್‌ನಲ್ಲಿ ಬೆಳೆದವರು ಡೈರಿ ಬರೆಯುವುದಿಲ್ಲ. ಬರೆದರೆ ಮಾರನೆಯ ದಿನ ತಿಂಡಿಯ ಹೊತ್ತಿಗೆ ಇಡೀ ಡಾರ್ಮಿಟರಿ ಅದನ್ನು ರಾಗವಾಗಿ ಒಪ್ಪಿಸುತ್ತಿರುತ್ತದೆ. ಆದರೆ ಇವತ್ತು ಒಂದೇ ದಿನ ಎರಡು ಏಟು ಬಿದ್ದಿವೆ. ಯಾರ ಹತ್ತಿರವೂ ಹೇಳುವಂತಿಲ್ಲ, ಹೇಳದೆ ಹೊಟ್ಟೆಗೆ ಅನ್ನ ಇಳಿಯುತ್ತಿಲ್ಲ.

ಏಟು ಒಂದು. ನಮ್ಮ ಬೈಬಲ್ ಕಾಲೇಜಿನ ದೇವಶಾಸ್ತ್ರದ ಮೇಷ್ಟ್ರು ಫಸ್ಟ್ ಇಯರಿನವರಿಗೆಲ್ಲ ಸೆಮಿನಾರ್ ಹಂಚಿದರು. ತಮ್ಮ ಹಳೇ ಟೋಪಿಯೊಳಗೆ ಚೀಟಿ ಹಾಕಿ ಎತ್ತಿಸುವುದು ಅವರ ಪದ್ಧತಿ. ನನ್ನ ರೂಮ್‌ಮೇಟ್‌ಗೆ ದೇವದೂತರು ಬಂದರು. ನನಗೆ ಬಂದದ್ದು: “ಮೇಲಣ ನಗರ, ನಮ್ಮೆಲ್ಲರ ತಾಯಿ.” ಇಪ್ಪತ್ತೊಂದನೇ ತಾರೀಖು, ಇಪ್ಪತ್ತು ನಿಮಿಷ, ಚಾಪೆಲ್‌ನಲ್ಲಿ, ಮೈಕಿನ ಮುಂದೆ.

“ಸರ್, ಇದನ್ನ ಚೇಂಜ್ ಮಾಡ್ಬಹುದಾ?” ಎಂದೆ.

“ಯಾಕಮ್ಮಾ? ನಗರ ಅಂದ್ರೆ ಆಗಲ್ವಾ, ತಾಯಿ ಅಂದ್ರೆ ಆಗಲ್ವಾ?”

ಕ್ಲಾಸೆಲ್ಲ ನಕ್ಕಿತು. ನಾನು ಕೂತೆ.

ಏಟು ಎರಡು. ವಾರ್ಡನ್ ಪತ್ರ. ಹಾಳೆಯ ಕಾಲುಭಾಗವೂ ತುಂಬಿಲ್ಲ. “ಕ್ಷೇಮ. ಮೂವತ್ತೊಂದಕ್ಕೆ ನನಗೆ ರಿಟೈರ್‌ಮೆಂಟ್. ಹಾಸ್ಟೆಲ್‌ನ ಕೋಣೆ ಬಿಟ್ಟುಕೊಡಬೇಕು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಮಹಡಿ ಮೇಲೆ, ಎರಡು ಕೋಣೆಯ ಮನೆ ಗೊತ್ತುಮಾಡಿದ್ದೇನೆ. ಬಡಗಿ ಬಂದು ಮಂಚಕ್ಕೆ ಅಳತೆ ತೆಗೆದುಕೊಂಡು ಹೋದ. ಒಂದು ಸಾಕೋ, ಎರಡು ಮಾಡಿಸಲೋ? ಇಪ್ಪತ್ತೈದರೊಳಗೆ ತಿಳಿಸು.” ಕೆಳಗೆ ಸಹಿ. ಅದರ ಕೆಳಗೆ, ಅಭ್ಯಾಸಬಲದಿಂದ, ಹಾಸ್ಟೆಲ್‌ನ ಸೀಲು.

ವಾರ್ಡನ್ ಎಂದರೆ ನನ್ನನ್ನು ಹೆತ್ತವರು. ಬರೆದರೆ ವಿಚಿತ್ರವಾಗಿ ಕಾಣುತ್ತದೆ, ಆದರೆ ಇರುವುದು ಹಾಗೆಯೇ. ಅಪ್ಪ ತೀರಿಹೋದಾಗ ನನಗೆ ಎಂಟು ತಿಂಗಳು. ಇವರು ಆಗಷ್ಟೇ ಶುರುವಾದ ಹೆಣ್ಣುಮಕ್ಕಳ ಹಾಸ್ಟೆಲ್‌ನ ಕೆಲಸಕ್ಕೆ ಸೇರಿದರು. ಕಮಿಟಿಯವರ ಷರತ್ತು ಒಂದೇ: ಸ್ವಂತ ಮಗುವಿಗೊಂದು, ಉಳಿದವರಿಗೊಂದು ಆಗಬಾರದು. ಆರು ವರ್ಷ ತುಂಬಿದ ದಿನ ನನ್ನ ಹಾಸಿಗೆ ಅವರ ಕೋಣೆಯಿಂದ ಕೆಳಗೆ, ಡಾರ್ಮಿಟರಿಗೆ ಇಳಿಯಿತು. ಅವತ್ತಿನಿಂದ ಎಲ್ಲರ ಹಾಗೆ ನಾನೂ “ಮೇಡಂ” ಎನ್ನಬೇಕು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಹಾಜರಿಗೆ “ಪ್ರೆಸೆಂಟ್ ಮೇಡಂ” ಎಂದು ಕೂಗಬೇಕು. ಭಾನುವಾರ ಎಲ್ಲರಿಗೂ ವಿಸಿಟರ್ ಬರುತ್ತಿದ್ದರು. ನನಗೆ ಬರುತ್ತಿರಲಿಲ್ಲ. ಬರಬೇಕಾದವರು ಅಲ್ಲೇ ಬಾಗಿಲಲ್ಲಿ ಮೇಜು ಹಾಕಿಕೊಂಡು ವಿಸಿಟರ್ ಬುಕ್ಕಿಗೆ ಸಹಿ ಹಾಕಿಸಿಕೊಳ್ಳುತ್ತ ಕೂತಿರುತ್ತಿದ್ದರು.

ಜೂನ್‌ನಲ್ಲಿ ಇಲ್ಲಿಗೆ ಹೊರಟ ದಿನ ನಾನು ಒಂದು ಮಾತು ಹೇಳಿಬಂದೆ. “ತೊಂಬತ್ತರಲ್ಲಿ ಒಬ್ಬಳು ಕಮ್ಮಿ ಆದ್ಲು ಮೇಡಂ, ನಿಮಗೆ ಹಾಜರಿ ಬೇಗ ಮುಗಿಯತ್ತೆ.” ಅವರು ತಲೆಯೆತ್ತಲಿಲ್ಲ. ಔಟ್‌ಪಾಸ್ ರಿಜಿಸ್ಟರ್ ನನ್ನ ಕಡೆ ತಿರುಗಿಸಿ “ಸಹಿ ಹಾಕು” ಎಂದರು.

ಅದಾದ ಮೇಲೆ ಮೊದಲ ಪತ್ರ ಇದು.

ಆಗಸ್ಟ್ 5, ಮಂಗಳವಾರ

ಕಾರ್ಡ್ ಬರೆದೆ. “ಒಂದು ಸಾಕು.” ಎರಡೇ ಪದ. ಅಂಚೆಗೆ ಹಾಕಲಿಲ್ಲ, ಸ್ಟ್ಯಾಂಪ್ ಇರಲಿಲ್ಲ. ಗ್ರೀಕ್ ಡಿಕ್ಷನರಿಯೊಳಗೆ ಇಟ್ಟಿದ್ದೇನೆ.

ರೂಮ್‌ಮೇಟ್ ಹತ್ತಿರ ಮೂರು ಸ್ಟ್ಯಾಂಪ್ ಇವೆ. ಕೇಳಲಿಲ್ಲ.

ಆಗಸ್ಟ್ 7, ಗುರುವಾರ

ಇಡೀ ಮಧ್ಯಾಹ್ನ ಲೈಬ್ರರಿಯಲ್ಲಿ. ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೆ ಈ ಟಾಪಿಕ್ ಚೆನ್ನಾಗಿದೆ.

ಇದು ಬೈಬಲ್ಲಿನ ಮಾತು, ಆದರೆ ಯೇಸುವಿನ ಸಂದೇಶ ಸಾರುತ್ತ ತಿರುಗಿದ ಆ ಅಪೊಸ್ತಲ ಇದನ್ನು ಶಾಂತವಾಗಿ ಕೂತು ಹೇಳಿದ್ದಲ್ಲ. ಜಗಳದ ಪತ್ರ ಅದು, ಸಿಟ್ಟು ನೆತ್ತಿಗೇರಿದೆ. ಒಬ್ಬ ಗಂಡಸು, ಅವನಿಗೆ ಮಕ್ಕಳನ್ನು ಹೆತ್ತುಕೊಟ್ಟವರು ಇಬ್ಬರು. ಒಬ್ಬಳು ದಾಸಿ, ಒಬ್ಬಳು ಯಾರ ಹಂಗೂ ಇಲ್ಲದವಳು. ಹಾಗೆಯೇ ಊರೂ ಎರಡು ಎನ್ನುತ್ತಾನೆ. ಕೆಳಗಿನ ಯೆರೂಸಲೇಮು ತನ್ನ ಮಕ್ಕಳ ಸಮೇತ ಊಳಿಗಕ್ಕೆ ಬಿದ್ದಿದೆ. ಮೇಲಿನದಕ್ಕೆ ಯಾವ ಸಂಕೋಲೆಯೂ ಇಲ್ಲ, ನಮ್ಮ ತಾಯಿ ಅದು. ಬಯ್ಯುತ್ತಿದ್ದವನು ಇದ್ದಕ್ಕಿದ್ದ ಹಾಗೆ ಅಮ್ಮನನ್ನು ನೆನೆಸಿಕೊಂಡ ಹಾಗಿದೆ. ಮರು ಉಸಿರಿಗೇ ಹಳೆಯ ಪ್ರವಾದಿಯೊಬ್ಬನ ಹಾಡು ಎತ್ತಿಕೊಳ್ಳುತ್ತಾನೆ. ಬಂಜೆಯೊಬ್ಬಳಿಗೆ “ನೀನು ಹಾಡು” ಎಂದು ಹೇಳುವ ಹಾಡು ಅದು. ಹೆತ್ತವಳಿಗಿಂತ ಹೆರದವಳಿಗೇ ಹೆಚ್ಚು ಮಕ್ಕಳಂತೆ.

ಪ್ರವಾದಿಯ ಮೂಲ ಹಾಡನ್ನೂ ತೆಗೆದು ಓದಿದೆ. ಅಲ್ಲಿ ಇನ್ನೂ ಮುಂದಕ್ಕೆ ಹೋಗುತ್ತದೆ. ಮಕ್ಕಳು ಬರುತ್ತಿದ್ದಾರೆ, ಡೇರೆ ಅಗಲ ಮಾಡು, ಕೈ ಬಿಗಿ ಹಿಡಿಯಬೇಡ, ಹಗ್ಗ ಉದ್ದ ಮಾಡು, ಗೂಟ ಗಟ್ಟಿಯಾಗಿ ಹೊಡಿ. ಅಪೊಸ್ತಲನ ಕಸುಬೇ ಡೇರೆ ಹೊಲಿಯುವುದು! ಈ ಸಾಲುಗಳು ಬಂದಾಗ ಅವನ ಬೆರಳು ತಾನಾಗಿ ಸೂಜಿ ಹಿಡಿಯುವ ಹಾಗೆ ಮಡಚಿರಬೇಕು. ಇದನ್ನು ಯಾವ ಪುಸ್ತಕವೂ ಹೇಳಿಲ್ಲ, ನನಗೇ ಹೊಳೆದದ್ದು. ಲೈಬ್ರರಿಯಲ್ಲಿ ಒಬ್ಬಳೇ ನಕ್ಕೆ. ಲೈಬ್ರೇರಿಯನ್ ಕನ್ನಡಕದ ಮೇಲಿನಿಂದ ನೋಡಿದರು.

ಆಮೇಲೆ “ಹಗ್ಗ ಉದ್ದ ಮಾಡು” ಎಂಬಲ್ಲಿ ಕೂತುಬಿಟ್ಟೆ. ಮುಂದೆ ಓದಲಾಗಲಿಲ್ಲ.

ಆಗಸ್ಟ್ 10, ಭಾನುವಾರ

ರೂಮ್‌ಮೇಟ್‌ನ ಅಮ್ಮ ಬಂದಿದ್ದರು. ಈ ರೂಮ್‌ಮೇಟ್‌ಗೆ ನಾವೆಲ್ಲ ಗಡಿಯಾರ ಎನ್ನುತ್ತೇವೆ. ಅಲಾರಂ ಇಲ್ಲದೆ ಐದಕ್ಕೆ ಏಳುತ್ತಾಳೆ, ಎದ್ದು ಎಲ್ಲರನ್ನೂ ಎಬ್ಬಿಸುತ್ತಾಳೆ. ತಾಯಿ ಮಗಳು ಬಂದ ಹೊತ್ತಿನಿಂದ ಜಗಳ.

“ಏನೇ ಇದು ತಲೆ, ಎಣ್ಣೆ ಕಂಡು ಎಷ್ಟು ದಿನ ಆಯ್ತು?”

“ಬಂದ್ಯಾ, ಶುರು ಮಾಡಿದ್ಯಾ. ಅಮ್ಮಾ, ಇವಳೆದುರಿಗಾದ್ರೂ ಮರ್ಯಾದೆ ಉಳಿಸು.”

“ಇವಳ ತಲೆ ನೋಡು ಎಷ್ಟು ನೀಟಾಗಿದೆ. ನಿಮ್ಮಮ್ಮ ಕಲಿಸಿದ್ರಾ ಮಗಳೇ?”

“ಹಾಸ್ಟೆಲ್ ರೂಲ್ ಆಂಟಿ” ಎಂದೆ. ಅವರು ಪಾಪ, ನನಗೂ ಒಂದು ಬಿಸ್ಕೆಟ್ ಪೊಟ್ಟಣ ಕೊಟ್ಟರು. ನಾನು ಥ್ಯಾಂಕ್ಸ್ ಹೇಳಿ ಬಟ್ಟೆ ಒಗೆಯುವ ನೆಪ ಮಾಡಿ ಆಚೆ ಬಂದೆ. ಭಾನುವಾರ, ಬಟ್ಟೆ, ಹಗ್ಗ. ನನಗೆ ಇವು ಮೂರೂ ಒಂದೇ ವಸ್ತು.

ಆ ಹಗ್ಗದ ವಿಷಯ ಬರೆದುಬಿಡಬೇಕು, ಇಲ್ಲದಿದ್ದರೆ ಸೆಮಿನಾರ್ ಮುಂದೆ ಹೋಗುವುದಿಲ್ಲ.

ನಮ್ಮ ಹಾಸ್ಟೆಲ್‌ನ ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗ ಒಂದೇ. ಆರು ಕಂಬಗಳ ನಡುವೆ ಹೋಗಿ ಬಂದು ಹೋಗಿ ಬಂದು ಇಡೀ ಹಿತ್ತಲನ್ನು ಹೆಣೆದಿದೆ. ಹೊಸ ಹುಡುಗಿ ಬಂದ ದಿನ ವಾರ್ಡನ್ ಮಾಡುತ್ತಿದ್ದ ಮೊದಲ ಕೆಲಸ ಆ ಹಗ್ಗವನ್ನು ಉದ್ದ ಮಾಡುವುದು. ಹುಡುಗಿಯ ಕೈಯನ್ನೇ ಚಾಚಿಸಿ, ಅವಳದೇ ಮೊಳದಲ್ಲಿ ಎರಡು ಮೊಳ ಅಳೆದು, ಕತ್ತರಿಸಿ, ತುದಿಗೆ ಅವಳ ಕೈಯಿಂದಲೇ ಗಂಟು ಹಾಕಿಸುತ್ತಿದ್ದರು. ಬಂದವಳು ಗೊಳೋ ಎಂದು ಅಳುತ್ತಿರುತ್ತಿದ್ದಳು. “ಅಳೋದು ಆಮೇಲೆ, ಮೊದ್ಲು ಗಂಟು ಬಿಗಿ ಮಾಡು” ಎನ್ನುತ್ತಿದ್ದರು. ಗಂಟು ಬಿಗಿಯುವಷ್ಟರಲ್ಲಿ ಅಳು ಅರ್ಧ ಆಗಿರುತ್ತಿತ್ತು. ಓದು ಮುಗಿಸಿ ಹೋದವರ ಹಗ್ಗವನ್ನು ಬಿಚ್ಚುತ್ತಿರಲಿಲ್ಲ. ಹಸಿರು ನೈಲಾನ್, ಬಿಳಿ ಹತ್ತಿ, ನಾರು, ಒಮ್ಮೆ ಏನೂ ಸಿಗದೆ ಹಳೇ ಪರದೆಯ ಲಾಡಿ, ಎಲ್ಲ ಸೇರಿ ಒಂದೇ ಹಗ್ಗ. ಪ್ರತಿಯೊಬ್ಬಳಿಗೂ ತನ್ನ ತುಂಡು ಯಾವುದು ಎಂದು ಗೊತ್ತು. ಅಲ್ಲಿ ಬೇರೆಯವಳ ಟವೆಲ್ ಬಿದ್ದರೆ ಮಹಾಯುದ್ಧ.

ನನಗೆ ಮಾತ್ರ ತುಂಡು ಇರಲಿಲ್ಲ. ಏಳು ವರ್ಷದವಳಿದ್ದಾಗ ಕೇಳಿದ್ದೆ: “ಮೇಡಂ, ನಂದು ಯಾವ್ದು?”

“ನಿಂದೂ ಇದೆ ಬಿಡು” ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ಒಂದು ಇಡೀ ಬೇಸಿಗೆ ರಜೆ, ಯಾರೂ ಇಲ್ಲದಾಗ, ಗಂಟಿಂದ ಗಂಟಿಗೆ ಬೆರಳಿಟ್ಟು ನಡೆದೆ. ಪ್ರತಿ ತುಂಡಿಗೂ ಒಬ್ಬಳ ಹೆಸರು ಹೇಳಬಲ್ಲೆ. ನನ್ನ ಹೆಸರಿನದು ಸಿಗಲಿಲ್ಲ. ನನ್ನ ಬಟ್ಟೆ ಯಾವಾಗಲೂ ರಜೆಗೆ ಹೋದವರ ಜಾಗದಲ್ಲಿ ಒಣಗುತ್ತಿತ್ತು.

ಆಗಸ್ಟ್ 11, ಸೋಮವಾರ

ಸೆಮಿನಾರಿಗೆ ಹೆಡ್ಡಿಂಗ್ ಸಿಕ್ಕಿತು: “ನಗರವು ತಾಯಿಯಾಗಬಲ್ಲುದೇ? ಒಂದು ಆಕ್ಷೇಪ.” ಬೆಂಕಿಯ ಹಾಗೆ ಬರೆಯುತ್ತಿದ್ದೇನೆ. ಹನ್ನೊಂದು ಪುಟ!

ಆಗಸ್ಟ್ 14, ಗುರುವಾರ

ಮೇಷ್ಟ್ರು ಕರೆಸಿದ್ದರು. ಅವರ ಕೋಣೆಯಲ್ಲಿ ಕುರ್ಚಿಯ ಮೇಲೂ ಪುಸ್ತಕ. ಎತ್ತಿ ಕೂತೆ. ಅವರು ನನ್ನ ಹನ್ನೊಂದು ಪುಟವನ್ನು ಟೀ ಆರುವವರೆಗೆ ಓದಿದರು. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು: “ಎಲ್ಲರಿಗೂ ತಾಯಿಯಾದವಳು ಯಾರಿಗೂ ತಾಯಿಯಲ್ಲ. ಊರಿಗುಪಕಾರಿ, ಮನೆಗೆ ಮಾರಿ.”

“ಗಾದೆ ಚೆನ್ನಾಗಿದೆ. ಅಡಿಟಿಪ್ಪಣಿ ಎಲ್ಲಿ?”

“ಗಾದೆಗೂ ಬೇಕಾ ಸರ್?”

“ಯಾರ ಮೇಲಿನ ಕೋಪಕ್ಕೆ ಹೇಳಿದ್ದು ಅಂತಾದ್ರೂ ಕೆಳಗೆ ಹಾಕ್ಬೇಕು.”

ಅವರು ಕೆದಕಲಿಲ್ಲ. ಟೀ ಕುಡಿದು, ಆರಿದೆ ಎಂದು ಮುಖ ಕಿವಿಚಿ, ಮತ್ತೆ ಕುಡಿದರು.

“ನೋಡು ತಾಯಿ, ನಮ್ಮ ಭಾಷೇಲಿ ತವರೂರು ಅಂತೀವಿ. ತಾಯಿ ಇರೋದ್ರಿಂದ ಅದು ತವರು. ತಾಯಿ ಹೋದ್ರೆ ಅದೇ ಓಣಿ, ಅದೇ ಬಾವಿ, ಆದ್ರೆ ಬರೀ ಊರು. ಈ ಯೆರೂಸಲೇಮಿನ ಜನ ಏನ್ಮಾಡಿದ್ರು? ಅವರ ಊರು ಸುಟ್ಟುಹೋಗಿತ್ತು. ತಾಯಿ ಸತ್ತ ಹಾಗೆ ಅತ್ತರು. ಅತ್ತು ಅತ್ತು ಒಂದಿನ, ಊರೇ ತಾಯಿ ಅಂದ್ಬಿಟ್ರು. ಸುಡೋಕಾಗದ ಊರು. ಎಲ್ಲಿ ಹೋದ್ರೂ ತವರು.”

ಆಮೇಲೆ ಅವರು ಒಂದು ಕಥೆ ಹೇಳಿದರು. ನಾವು ಓದುವ ಬೈಬಲ್ಲಿನ ಪಟ್ಟಿಗೆ ಸೇರದ ಹಳೆಯ ಗ್ರಂಥದ್ದಂತೆ. ಬರೆದಿಡುತ್ತೇನೆ.

ಊರು ಸುಟ್ಟು ಹೋದ ಕಾಲ. ಒಬ್ಬ ದಾರ್ಶನಿಕ ಬಯಲಿನಲ್ಲಿ ಕೂತಿದ್ದಾನೆ. ಬಟ್ಟೆ ಹರಿದುಕೊಂಡು, ತಲೆಗೆ ಬೂದಿ ಹಾಕಿಕೊಂಡು ಒಬ್ಬ ಹೆಂಗಸು ಅಳುತ್ತಿದ್ದಾಳೆ. ಮೂವತ್ತು ವರ್ಷ ಮಕ್ಕಳಿರಲಿಲ್ಲ, ಬೇಡಿ ಬೇಡಿ ಒಬ್ಬ ಮಗ ಹುಟ್ಟಿದ, ಮದುವೆಯ ದಿನವೇ ಕೋಣೆಯಲ್ಲಿ ಬಿದ್ದು ಸತ್ತ, ನಾನಿನ್ನು ಊರೊಳಗೆ ಬರುವುದಿಲ್ಲ, ಇಲ್ಲೇ ಸಾಯುತ್ತೇನೆ ಎನ್ನುತ್ತಾಳೆ. ಅವನು ಬಯ್ಯುತ್ತಾನೆ. ನಮ್ಮೆಲ್ಲರ ತಾಯಿಯಾದ ಊರೇ ಬೂದಿಯಾಗಿದೆ, ನಿನ್ನದೊಂದೇ ದುಃಖವಾ? ಹೋಗು, ಗಂಡನ ಮನೆಗೆ ಹೋಗು. ಬಯ್ಯುತ್ತಿದ್ದ ಹಾಗೆಯೇ ಅವಳ ಮುಖ ಮಿಂಚಿನ ಹಾಗೆ ಹೊಳೆಯುತ್ತದೆ. ಅವಳು ಒಂದು ಕೂಗು ಕೂಗುತ್ತಾಳೆ, ನೆಲ ನಡುಗುತ್ತದೆ. ಅವನು ಹೆದರಿ ನೋಡಿದರೆ ಹೆಂಗಸಿಲ್ಲ. ದೊಡ್ಡ ದೊಡ್ಡ ತಳಪಾಯದ ಮೇಲೆ ಒಂದು ಊರು ಎದ್ದು ನಿಂತಿದೆ. ಅವಳೇ ಅದು. ಇಷ್ಟು ಹೊತ್ತು ಅವನು ಊರಿಗೇ ಬುದ್ಧಿ ಹೇಳುತ್ತಿದ್ದ.

“ಆಮೇಲೆ?” ಎಂದೆ.

“ಆಮೇಲೆ ಒಳಗೆ ಹೋಗಿ ಕಣ್ಣಿಗೆ ಹಿಡಿಸುವಷ್ಟು ನೋಡ್ಕೊಂಡು ಬಾ ಅಂತಾರೆ ಅವನಿಗೆ. ಪೂರ್ತಿ ನೋಡೋಕೆ ಯಾರಿಂದ್ಲೂ ಆಗಲ್ವಂತೆ.” ಹಾಳೆಗಳನ್ನು ವಾಪಸು ಕೊಟ್ಟರು. “ಸಿಟ್ಟಿನ ಲೇಖನ. ಇರ್ಲಿ, ಅಪೊಸ್ತಲನಿಗೂ ಸಿಟ್ಟಿತ್ತು. ಆದ್ರೆ ಅವನು ಸಿಟ್ಟು ಇಳಿದ್ಮೇಲೂ ಬರೆದ.”

ಕಾರಿಡಾರಿನಲ್ಲಿ ನಡೆಯುತ್ತ ಒಂದು ನೆನಪಾಯಿತು. ನನ್ನ ಅಡ್ಮಿಷನ್ ಫಾರ್ಮಿನಲ್ಲಿ ತಾಯಿಯ ವಯಸ್ಸು ಐವತ್ತೆಂಟು ಎಂದು ತುಂಬಿದ್ದೆ, ನನ್ನದು ಹದಿನೆಂಟು. ನಲವತ್ತನೇ ವಯಸ್ಸಿಗೆ ನಾನು. ಮದುವೆಯಾಗಿ ಹದಿನಾರು ವರ್ಷದ ಮೇಲೆ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಫಾರ್ಮ್ ತುಂಬುವಷ್ಟು ಗೊತ್ತಿತ್ತು. ಹದಿನಾರು ವರ್ಷ ಬೇಡಿಕೊಂಡು, ಪಡೆದು, ಗಂಡನನ್ನು ಕಳೆದುಕೊಂಡು, ಆಮೇಲೆ ಕಟ್ಟಡವಾಗಿಬಿಟ್ಟವರು.

ಜೂನ್‌ನಲ್ಲಿ ನಾನು ಬಯ್ದದ್ದು ಯಾರನ್ನು?

ಆಗಸ್ಟ್ 15, ಶುಕ್ರವಾರ

ಹನ್ನೊಂದು ಪುಟ ಹರಿದೆ. ಇನ್ನು ಆರು ದಿನ. ತಲೆ ಕೆಟ್ಟಿದೆಯಾ ಎಂದು ಗಡಿಯಾರ ಕೇಳಿದಳು. ಕೆಟ್ಟಿದೆ.

ಆಗಸ್ಟ್ 17, ಭಾನುವಾರ

ಮಧ್ಯಾಹ್ನ ಫೋನ್. ಹಾಸ್ಟೆಲ್‌ನ ಅಡುಗೆ ಅಕ್ಕ. ನಾನು ತೆವಳುತ್ತಿದ್ದ ಕಾಲದಿಂದ ಅಲ್ಲಿದ್ದಾಳೆ. ಫೋನಿನಲ್ಲಿ ಮಾತಾಡುವುದೆಂದರೆ ಹೊಳೆಯ ಆಚೆ ದಡಕ್ಕೆ ಕೂಗಿದ ಹಾಗೆ.

“ಏನ್ ಪುಟ್ಟೀ, ದೊಡ್ಡ ಓದು ಓದಿ ನಮ್ಮನ್ನೆಲ್ಲ ಮರ್ತೇ ಬಿಟ್ಯಾ?”

“ಇಲ್ಲ ಅಕ್ಕ. ಮೆಲ್ಲಗೆ ಮಾತಾಡು, ಕಿವಿ ಹೋಯ್ತು.”

“ಹೋದ್ರೆ ಹೋಗ್ಲಿ, ಇನ್ನೊಂದಿದೆಯಲ್ಲ. ಕೇಳಿಲ್ಲಿ, ನಿಮ್ಮಮ್ಮ ನಾಲ್ಕು ದಿನದಿಂದ ಊಟ ಸರಿಯಾಗಿ ಮಾಡ್ತಿಲ್ಲ. ಹಿತ್ತಲಲ್ಲೇ ಕೂತಿದಾರೆ.”

ವಿಷಯ ಇಷ್ಟು. ಕಮಿಟಿಯವರು ಹಿತ್ತಲಿಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ತರಿಸಿದ್ದಾರೆ. ಹಗ್ಗ ಕತ್ತರಿಸಿ ಎಸೆಯಲು ಕೆಲಸದವನು ಕುಡುಗೋಲು ಹಿಡಿದು ಬಂದನಂತೆ. ಅಮ್ಮ ಅವನನ್ನು ಕಳಿಸಿಬಿಟ್ಟರಂತೆ. ಸ್ಟೂಲ್ ಹಾಕಿಕೊಂಡು, ಇತ್ತೀಚಿನ ತುದಿಯಿಂದ ಹಿಡಿದು, ಒಂದೊಂದೇ ಗಂಟನ್ನು ಕೈಯಲ್ಲಿ ಬಿಚ್ಚುತ್ತ ಬಂದರಂತೆ. ಬಿಸಿಲಿಗೆ ಮಳೆಗೆ ಕಲ್ಲಾದ ಗಂಟುಗಳು. ಉಗುರು ಕಿತ್ತುಹೋಗಿದೆಯಂತೆ.

“ಬಿಚ್ಚೋದು, ಆ ಹುಡುಗಿ ಹೆಸರು ಹೇಳೋದು, ಸುತ್ತಿಡೋದು. ಬಿಚ್ಚೋದು, ಹೆಸರು ಹೇಳೋದು. ಇನ್ನೂರ ಹನ್ನೊಂದು ಹೆಸರು ಕಣೇ! ನಂಗೆ ಬೆಳಿಗ್ಗೆ ಉಪ್ಪು ಹಾಕಿದ್ನಾ ಅನ್ನೋದೇ ನೆನಪಿರಲ್ಲ. ನಿನ್ನೆ ಸಂಜೆ ಹೊತ್ತಿಗೆ ಮೊದಲ್ನೇ ಕಂಬದ ಹತ್ರ ಬಂದ್ರು. ಅಲ್ಲಿ ಗಂಟಿಲ್ಲ. ಬರೀ ಕೊಕ್ಕೆ. ಅದೊಂದನ್ನ ಯಾರ ಕೈಗೂ ಕೊಡ್ಲಿಲ್ಲ, ಸೀದಾ ಒಳಗೆ ತಗೊಂಡ್ಹೋಗಿ ತಮ್ಮ ಸೂಟ್‌ಕೇಸಿಗೆ ಹಾಕ್ಕೊಂಡ್ರು.”

“ಯಾವ್ದಕ್ಕಾ ಅದು?”

“ನಿಂದು, ಇನ್ಯಾರದು? ನಿನ್ ತೊಟ್ಟಿಲ ಹಗ್ಗ. ನೀನು ತೊಟ್ಟಿಲಿಂದ ಕೆಳಗೆ ಹಾರೋಕೆ ಶುರು ಮಾಡ್ದಾಗ ಅದನ್ನ ಬಿಚ್ಚಿ ಹಿತ್ತಲಲ್ಲಿ ಕಟ್ಟಿದ್ರು. ನಿನ್ ಲಂಗೋಟಿ ಒಣಗ್ಸೋಕೆ. ಆಮೇಲೆ ಆರು ಹುಡುಗೀರು ಬಂದ್ರು, ಜಾಗ ಸಾಲ್ಲಿಲ್ಲ, ಅದಕ್ಕೇ ತುಂಡು ಕಟ್ಟಿದ್ರು. ಅಲ್ಲಿಂದ ಇಲ್ಲೀವರೆಗೂ ಬೆಳೀತು. ಗೊತ್ತಿರ್ಲಿಲ್ವಾ ನಿಂಗೆ?”

ನಾನು ಏನೋ ಅಂದೆ. ನೆಟ್‌ವರ್ಕ್ ಇಲ್ಲ ಎಂದೆ ಅಂತ ಕಾಣುತ್ತದೆ.

ಗಂಟಿಂದ ಗಂಟಿಗೆ ಹುಡುಕಿದ್ದೆ. ಗಂಟಿಲ್ಲದ ಕಡೆ ಹುಡುಕಬೇಕಿತ್ತು.

ಆಗಸ್ಟ್ 19, ಮಂಗಳವಾರ

ಎರಡು ದಿನದಿಂದ ಬರೀ ಓದುತ್ತಿದ್ದೇನೆ, ಬರೆಯುತ್ತಿದ್ದೇನೆ. ಎಷ್ಟೊಂದಿದೆ! ಒಂದು ಕೀರ್ತನೆಯಲ್ಲಿ ದೇವರೇ ಕೂತು ಜನಗಳ ರಿಜಿಸ್ಟರ್ ಬರೆಯುತ್ತಾನೆ. ದೂರದೂರದ ದೇಶದವರು, ಶತ್ರು ದೇಶದವರು ಕೂಡ, ಇವನು ಇಲ್ಲಿ ಹುಟ್ಟಿದವನು, ಇವಳೂ ಇಲ್ಲೇ ಹುಟ್ಟಿದವಳು ಎಂದು ಆ ಊರಿನ ಹೆಸರಿಗೇ ಬರೆದುಕೊಳ್ಳುತ್ತಾನೆ. ಬೇರೆಲ್ಲೋ ಹೆತ್ತವರ ಮಕ್ಕಳೂ ಅಲ್ಲಿಯೇ ಹುಟ್ಟಿದ ಲೆಕ್ಕ. ಇನ್ನೊಂದು ಕಡೆ ಆ ಊರು ಮಕ್ಕಳಿಗೆ ಹಾಲು ಕುಡಿಸುತ್ತದೆ, ಸೊಂಟದ ಮೇಲೆ ಹೊತ್ತು ತಿರುಗುತ್ತದೆ, ತೊಡೆಯ ಮೇಲೆ ಕೂರಿಸಿ ಆಡಿಸುತ್ತದೆ. ಇಡೀ ಊರು, ಗೋಡೆ ಗೋಪುರ ಸಮೇತ, ಒಂದು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಿಂತ ಚಿತ್ರ! ಯಾವನಿಗೆ ಹೊಳೆಯಿತೋ, ಅವನ ಕೈಗೆ ಮುತ್ತಿಡಬೇಕು.

ಆಮೇಲೆ ಬೈಬಲ್ಲಿನ ಕೊನೆಯ ಪುಸ್ತಕದ ದರ್ಶನ. ಅಲ್ಲಿ ಊರಿಗೆ ಹನ್ನೆರಡು ಬಾಗಿಲು, ಯಾವ ಬಾಗಿಲನ್ನೂ ಮುಚ್ಚುವುದಿಲ್ಲ. ಗೋಡೆಯನ್ನು ಅಳೆಯುವವನು ದೇವದೂತ, ಆದರೆ ಅಳೆಯುವುದು ಮನುಷ್ಯರ ಮೊಳದಲ್ಲಿ. ಎಲ್ಲಕ್ಕಿಂತ ದೊಡ್ಡದು ಇದು: ಜನ ಆ ಊರಿಗೆ ಹತ್ತಿ ಹೋಗುವುದಿಲ್ಲ. ಊರೇ ಇಳಿದು ಬರುತ್ತದೆ.

ಇದನ್ನು ಬರೆಯುವಾಗ ಕಿವಿಗೆ ಬಿದ್ದದ್ದು ಬೀಗದ ಕೈ ಗೊಂಚಲಿನ ಸದ್ದು. ಅಮ್ಮನ ಕೋಣೆ ಮಹಡಿಯ ಮೇಲೆ. ಬೆಳಗಾಗುವಾಗ ಮೆಟ್ಟಿಲಿಳಿದು ಬರುತ್ತಿದ್ದಳು, ಗೊಂಚಲು ಸೊಂಟದಲ್ಲಿ ಝಣ್ ಝಣ್ ಅನ್ನುತ್ತಿತ್ತು. ನಾನು ಏಳೆಂಟು ವರ್ಷದವಳು, ಹೊದಿಕೆಯೊಳಗೆ ಎಚ್ಚರವಾಗಿದ್ದು ಮೆಟ್ಟಿಲು ಎಣಿಸುತ್ತಿದ್ದೆ. ಹದಿನೇಳು. ಹದಿನೇಳನೆಯದರಲ್ಲಿ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ನನ್ನ ಮಂಚ ಮೆಟ್ಟಿಲ ಬುಡದ್ದೇ. ಯಾವತ್ತೂ ಮುಟ್ಟಲಿಲ್ಲ, ಮಾತಾಡಲಿಲ್ಲ. ನಿಂತು, ಆಮೇಲೆ ಬೇರೆಯವರನ್ನು ಎಬ್ಬಿಸಲು ಹೋಗುತ್ತಿದ್ದಳು. ಎಲ್ಲರಿಗಿಂತ ಕೊನೆಗೆ ನನ್ನನ್ನು ಎಬ್ಬಿಸುತ್ತಿದ್ದಳು. ಅದೂ ಅನ್ಯಾಯ ಎಂದುಕೊಂಡಿದ್ದೆ. ಐದು ನಿಮಿಷ ಹೆಚ್ಚು ನಿದ್ದೆ ಎಂದು ಈಗ ಹೊಳೆಯುತ್ತಿದೆ.

ಪಾಯಿಂಟ್ಸ್ ಬರೆಯಲು ಹಾಳೆ ಸಿಗಲಿಲ್ಲ. ಡಿಕ್ಷನರಿಯೊಳಗಿದ್ದ ಕಾರ್ಡಿನ ಎರಡೂ ಕಡೆ ಬರೆದೆ. ಕಾರ್ಡ್ ಹಾಳಾಯಿತು, ಇನ್ನು ಕಳಿಸುವಂತಿಲ್ಲ.

ಆಗಸ್ಟ್ 21, ಗುರುವಾರ

ಮುಗಿಯಿತು.

ಬೆಳಿಗ್ಗೆ ಎರಡು ಸಲ ವಾಂತಿ. ಗಡಿಯಾರ ಬೆನ್ನು ನೀವಿದಳು. “ಸತ್ರೆ ನಿನ್ ಬಿಸ್ಕೆಟ್ ಪೊಟ್ಟಣ ನಂಗಾ?” ಎಂದು ಕೇಳಿ ನಗಿಸಿದಳು. ಚಾಪೆಲ್‌ನಲ್ಲಿ ಎಪ್ಪತ್ತು ಜನ. ಮೈಕಿಗೆ ನನ್ನ ಉಸಿರೇ ಮೊದಲು ಕೇಳಿಸಿತು. ಹಾಜರಿಗೆ ನಿಲ್ಲುವ ಹಾಗೆ ಕೈ ನೇರ ಇಟ್ಟು ನಿಂತುಬಿಟ್ಟಿದ್ದೆ. ಮೇಷ್ಟ್ರು ಮೊದಲ ಸಾಲಿನಿಂದ “ಆರಾಮಾಗಿ ನಿಂತ್ಕೋ ತಾಯಿ, ಯಾರೂ ಗೈರುಹಾಜರಿ ಹಾಕಲ್ಲ” ಎಂದರು.

ಹೆಡ್ಡಿಂಗ್‌ನಿಂದ ಶುರು ಮಾಡಬೇಕಿತ್ತು. ಬಾಯಿಗೆ ಬಂದದ್ದು ಬೇರೆ: “ನಮ್ಮಮ್ಮ ಒಂದು ಹಗ್ಗ ಕಟ್ಟಿದ್ಲು.”

ಹಗ್ಗದ ಕಥೆ ಹೇಳಿ ಡೇರೆಗೆ ಹೋದೆ, ಡೇರೆಯಿಂದ ಊರಿಗೆ. ರಿಜಿಸ್ಟರ್, ಸೊಂಟ, ಮುಚ್ಚದ ಬಾಗಿಲು, ಬಯಲಿನ ಹೆಂಗಸು ಎಲ್ಲ ಹೇಳಿದೆ. ಮಕ್ಕಳನ್ನು ಕಟ್ಟಿಹಾಕುವ ಹಗ್ಗ ಒಂದಿದೆ, ಜಾಗ ಮಾಡುವ ಹಗ್ಗ ಒಂದಿದೆ. ಅಪೊಸ್ತಲ ಮೇಲಿನ ಊರನ್ನು ಸ್ವತಂತ್ರಳು ಎಂದ ಮೇಲೆಯೇ ತಾಯಿ ಎಂದದ್ದು ಅದಕ್ಕೆ ಇರಬೇಕು ಎಂದೆ. ಇದು ಕಾರ್ಡಿನಲ್ಲಿ ಇರಲಿಲ್ಲ. ಬೇರೆ ಮಗು ಬಂತು ಎಂದರೆ ಮೊದಲಿನದಕ್ಕೆ ಜಾಗ ಕಮ್ಮಿಯಾಯಿತು ಅಂದುಕೊಳ್ಳುವುದು ಕೆಳಗಿನ ಊರಿನ ಲೆಕ್ಕ. ಮೇಲಿನದರಲ್ಲಿ ಹಗ್ಗವೇ ಉದ್ದವಾಗುತ್ತದೆ, ಇದ್ದ ತುಂಡು ಎಷ್ಟಿತ್ತೋ ಅಷ್ಟೇ ಇರುತ್ತದೆ.

ಹಿಂದಿನ ಬೆಂಚಿನಿಂದ ಒಬ್ಬ ಎದ್ದ. “ಕೊನೇ ದರ್ಶನದಲ್ಲಿ ಆ ಊರು ಮದುಮಗಳ ಹಾಗೆ ಸಿಂಗಾರ ಮಾಡ್ಕೊಂಡು ಇಳಿದು ಬರತ್ತೆ. ಮದುಮಗಳು ತಾಯಿ ಹೇಗಾಗ್ತಾಳೆ? ಲಾಜಿಕ್ ಇಲ್ಲ.”

ಮೈಕು ಹತ್ತಿರಕ್ಕೆ ಎಳೆದುಕೊಂಡೆ. ಆಮೇಲೆ ಹೇಳಿದೆ: “ಎಲ್ಲ ತಾಯಂದಿರೂ ಯಾವತ್ತೋ ಮದುಮಗಳಾಗಿದ್ದವರೇ. ನಾವು ಲೇಟಾಗಿ ಹುಟ್ಟಿದ್ವಿ, ನೋಡ್ಲಿಲ್ಲ ಅಷ್ಟೇ. ಮಕ್ಕಳ ಕಣ್ಣು ತೆರೆದ ದಿನ ತಾಯಿ ಮತ್ತೆ ಹಾಗೆ ಕಾಣಿಸ್ತಾಳೆ ಅಂತ ಇರಬಹುದು ಆ ದರ್ಶನ.”

ಯಾರೂ ನಗಲಿಲ್ಲ. ಮೇಷ್ಟ್ರು ಎದ್ದು ಬಂದು ನನ್ನ ಕಾರ್ಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಪಾಯಿಂಟುಗಳ ಅಡಿಯಲ್ಲಿ “ಒಂದು ಸಾಕು” ಇನ್ನೂ ಕಾಣುತ್ತಿತ್ತು.

“ಇದೇನಮ್ಮಾ, ಅಡಿಟಿಪ್ಪಣಿಯಾ?”

“ಹೊಡೆದು ಹಾಕ್ಬೇಕಿತ್ತು ಸರ್. ಮರೆತೆ.”

ಪೆನ್ನು ಕೊಟ್ಟರು. ಹೊಡೆದು ಹಾಕಿದೆ.

ಆಗಸ್ಟ್ 22, ಶುಕ್ರವಾರ

ಬೇರೆ ಪತ್ರ ಬರೆದು, ಗಡಿಯಾರದ ಹತ್ತಿರ ಸ್ಟ್ಯಾಂಪ್ ಇಸಿದುಕೊಂಡು ಬೆಳಿಗ್ಗೆಯ ಟಪಾಲಿಗೇ ಹಾಕಿದೆ. ಎರಡು ದಿನ ಸಾಕು, ಇಪ್ಪತ್ತೈದರೊಳಗೆ ಮುಟ್ಟುತ್ತದೆ. ಯಾವ ಕಾಗದಕ್ಕೂ ಒಂದು ನಕಲು ಇರಬೇಕು ಎನ್ನುವುದು ಹಾಸ್ಟೆಲ್ ರೂಲ್. ನಕಲು ಇದು:

ಅಮ್ಮಾ,

ತಡವಾಯಿತು. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿ ವಾಪಸು ಕಳಿಸಬೇಡ.

ಮಂಚ ಎರಡು ಮಾಡಿಸು. ನನ್ನದು ಬಾಗಿಲ ಹತ್ತಿರ ಇರಲಿ, ನೀನು ಬರುವುದು ಹೋಗುವುದು ಕೇಳಿಸಬೇಕು. ಗೋಡೆಯ ಬದಿಗೆ ಮೂರನೆಯದೊಂದಕ್ಕೆ ಜಾಗ ಬಿಡಲು ಬಡಗಿಗೆ ಹೇಳು. ಮಡಚುವಂಥದ್ದಾದರೂ ಸಾಕು. ಇನ್ನೂರ ಹನ್ನೊಂದು ಜನ ಇದ್ದಾರೆ, ಯಾರಾದರೂ ಒಬ್ಬಳು ಬಂದೇ ಬರುತ್ತಾಳೆ.

ಸೂಟ್‌ಕೇಸಿನಲ್ಲಿರುವ ಹಗ್ಗ ಅಲ್ಲೇ ಇರಲಿ, ನಾನು ಬಂದ ಮೇಲೆ ಇಬ್ಬರೂ ಸೇರಿ ಮಹಡಿಯ ಮೇಲೆ ಕಟ್ಟೋಣ. ಉಗುರಿಗೆ ಔಷಧಿ ಹಚ್ಚು. ಹೊತ್ತಿಗೆ ಸರಿಯಾಗಿ ಊಟ ಮಾಡು, ಅಡುಗೆ ಅಕ್ಕ ನನಗೆ ಎಲ್ಲ ಹೇಳುತ್ತಾಳೆ.

ಜೂನ್‌ನಲ್ಲಿ ನಾನಾಡಿದ ಮಾತು ತಪ್ಪು. ಹಾಜರಿಯಲ್ಲಿ ನಾನು ಕಮ್ಮಿಯಾಗಿಲ್ಲ.

ಮೂವತ್ತೊಂದಕ್ಕೆ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ವಿಸಿಟರ್ ಬುಕ್ಕಿಗೆ ಸಹಿ ಹಾಕಬೇಕೋ ಬೇಡವೋ ತಿಳಿಸು. ಬೇಗ ಉತ್ತರ ಬರೆ.